ಅವ್ವನ ಕೈಚೀಲ

(ಗುರುತು ಸಿಗಬಾರದೆಂದು ಊರು, ವಯಸ್ಸು, ಕೆಲಸ ಬದಲಿಸಿದ್ದೇನೆ. ಬರೆಯುವುದಕ್ಕೆ ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ. "ಬರೀರಿ ಅಕ್ಕಾರ, ನನ್ನಂಥಾಕಿ ಇನ್ನೊಬ್ಬಾಕಿ ಇದ್ರ ಓದ್ಲಿ" ಎಂದವರು ತಾಯಿಯೇ.)

ನನ್ನ ಹತ್ತಿರ ಆಪ್ತಸಲಹೆಗೆ ಮೊದಲು ಬಂದದ್ದು ಮಗಳು. ಬೆಳಗಾವಿಯಲ್ಲಿ ಬ್ಯಾಂಕ್ ನೌಕರಿ, ಮೂವತ್ತರ ಆಸುಪಾಸು. ತಾಯಿ ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಗ, ಸೊಸೆಯ ಜೊತೆ ಇರುತ್ತಾರೆ. ತಂದೆ ತೀರಿಕೊಂಡು ಆರು ವರ್ಷ.

ಮಗಳು ಕುರ್ಚಿಯಲ್ಲಿ ಕೂತವಳೇ ಮೊಬೈಲ್ ತೆಗೆದು ಒಂದು ಪಟ್ಟಿ ತೋರಿಸಿದಳು. ಅವ್ವನನ್ನು ಕರಕೊಂಡು ಹೋದ ಮೂರು ದಿನದ ಮುಂಬೈ ಪ್ರವಾಸ. ಮೊದಲ ದಿನ ಸಿಎಸ್‌ಎಂಟಿ ರೈಲು ನಿಲ್ದಾಣ, ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್. ಎರಡನೇ ದಿನ ಎಲಿಫಂಟಾ ದ್ವೀಪದ ಗುಹೆಗಳು. ಮೂರನೇ ದಿನ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಜುಹು. ಒಂದೊಂದರ ಮುಂದೆಯೂ ಟೈಮು. ಮಹಾಲಕ್ಷ್ಮಿಗೆ 40 ನಿಮಿಷ. "ಎಲಿಫಂಟಾ ಸೋಮವಾರ ಬಂದ್ ಇರತೈತಿ ಅಂತ ನೋಡಿ ರವಿವಾರಕ್ಕ ಇಟ್ಟಿದ್ನಿರಿ ಮೇಡಂ. ಇಷ್ಟ ಮಾಡಿದ್ರೂ ಆಕಿ ಮಾರಿ ಮ್ಯಾಲೆ ಒಂದು ನಗಿ ಇಲ್ಲ."

ದೂರು ಉದ್ದವಿತ್ತು. ಅವ್ವ ಹೊರಗೆ ಊಟ ಮಾಡಲಿಲ್ಲ, ನೀರು ಕುಡಿಯಲಿಲ್ಲ, ತಾಸಿಗೊಮ್ಮೆ "ರೂಮಿಗೆ ಹೋಗೂಣು" ಎಂದರು. ಯಾವಾಗ ನೋಡಿದರೂ ಎದೆಗವಚಿದ ಒಂದು ಕೈಚೀಲ. ಲಾಡ್ಜಿನಲ್ಲಿ ಬಿಟ್ಟು ಬಾ ಎಂದರೆ ಬಿಡಲಿಲ್ಲ. "ಕಳ್ಳರು ಒಯ್ಯಾಕ ಅದರಾಗ ಬಂಗಾರ ಐತೇನ್ರಿ?"

ಜಗಳ ಆದದ್ದು ಎಲಿಫಂಟಾದಲ್ಲಿ. ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ತಾಸು, ಧಕ್ಕೆಯಿಂದ ಆಟಿಕೆಯಂಥ ಸಣ್ಣ ರೈಲು, ಆಮೇಲೆ ಅಂಗಡಿಗಳ ನಡುವೆ ನೂರಾ ಇಪ್ಪತ್ತರಷ್ಟು ಮೆಟ್ಟಿಲು. ತಾಯಿ ಮೊದಲ ಮೆಟ್ಟಿಲಲ್ಲೇ ಕೂತರು. ಮೊಣಕಾಲು ನೋವಿರಬೇಕೆಂದು ಮಗಳು ಡೋಲಿ ಕರೆದಳು. ನಾಲ್ಕು ಜನ ಕುರ್ಚಿ ತಂದು ಇಳಿಸಿದರು. "ನಾ ಏನ್ ಹೆಣಾನ, ನಾಕ ಮಂದಿ ಹೊರಾಕ?" ಎಂದು ತಾಯಿ ಚೀರಿದರು. ಮಗಳು ಎಬ್ಬಿಸಲು ಹೋಗಿ ಕೈಚೀಲ ಜಗ್ಗಿದಳು. ತಾಯಿ ಎಲ್ಲರೆದುರು ಅವಳ ಕೈಗೆ ಹೊಡೆದರು. ಮಗಳು ಒಬ್ಬಳೇ ಹತ್ತಿ, ಇಪ್ಪತ್ತು ಅಡಿಯ ತ್ರಿಮೂರ್ತಿಯ ಮುಂದೆ ನಿಂತು ಅತ್ತು, ಇಳಿದು ಬಂದಳು. ಅಲ್ಲಿಂದ ಎರಡೂವರೆ ತಿಂಗಳು ಮಾತಿಲ್ಲ. ಏನಿದ್ದರೂ ಸೊಸೆಯ ಬಾಯಿಂದ.

ಆ ದಿನ ನಾನು ಮಾಡಿದ್ದು ಪುಸ್ತಕದ ಕೆಲಸ. ಗಂಡ ಹೋದ ಮೇಲಿನ ಖಿನ್ನತೆ, ಹೊಸ ಜಾಗದ ಭಯ ಎಂದೆಲ್ಲ ಹೇಳಿದೆ. ಮಗಳು ತಲೆಯಾಡಿಸಿದಳು, ಅವಳಿಗೆ ಅದರಿಂದ ಏನೂ ಆಗಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಏಳುವ ಮುಂಚೆ ರೂಢಿಯ ಒಂದು ಪ್ರಶ್ನೆ ಕೇಳಿದೆ. ಇಡೀ ಪ್ರವಾಸದಲ್ಲಿ ಅವ್ವ ಆರಾಮಾಗಿದ್ದದ್ದು ಯಾವಾಗ?

"ಹೋಗೂ ಮುಂದ ರಾತ್ರಿ ಟ್ರೇನ್‌ನಾಗ ಚೊಲೋ ಇದ್ಲರಿ. ರೊಟ್ಟಿ, ಶೇಂಗಾ ಹಿಂಡಿ ಉಂಡ್ಲು, ಬಾಜೂದಾಕಿ ಜೋಡಿ ನಕ್ಕೋತ ಮಾತಾಡಿದ್ಲು. ದಾದರ್‌ದಾಗ ಇಳದು ಲೋಕಲ್ ಹತ್ತಿದ ಮ್ಯಾಲೆ ಮಾರಿ ಇಳೀತು."

ಆಗ ಹೊಳೆಯಲಿಲ್ಲ. ರಾತ್ರಿ ಟಿಪ್ಪಣಿ ಬರೆಯುವಾಗ ಪೆನ್ನು ನಿಂತಿತು. ದೂರದ ರೈಲಿನ ಡಬ್ಬಿಯಲ್ಲಿ ಸಂಡಾಸು ಇರುತ್ತದೆ. ಮುಂಬೈ ಲೋಕಲ್‌ನಲ್ಲಿ ಇರುವುದಿಲ್ಲ.

ಹದಿನೈದು ದಿನಕ್ಕೆ ತಾಯಿ ಬಂದರು. ಹಸಿರು ಇಳಕಲ್ ಸೀರೆ, ಖಣದ ಕುಪ್ಪಸ, ಎದೆಗೆ ಆ ಕೈಚೀಲ. ಒಳಗೆ ಬಂದು ಕೇಳಿದ ಮೊದಲ ಮಾತು "ಬಾತ್‌ರೂಮ್ ಎಲ್ಲೈತ್ರಿ?" ಹೋಗಿ ಬಂದು ಬಾಗಿಲ ಹತ್ತಿರದ ಸ್ಟೂಲಿನ ತುದಿಗೆ ಕೂತರು. ಸ್ಟೀಲ್ ಲೋಟದಲ್ಲಿ ನೀರು ಕೊಟ್ಟೆ. ತುಟಿಗೆ ಮುಟ್ಟಿಸಿ ಕೆಳಗಿಟ್ಟರು. ಏಪ್ರಿಲ್ ತಿಂಗಳು, ಬಸ್ಸಿನಲ್ಲಿ ಮೂರು ತಾಸು ಕೂತು ಬಂದವರು.

ಮಗಳನ್ನು ಹೊರಗೆ ಕಳಿಸಿ ಕೇಳಿದೆ: "ಯವ್ವಾ, ಒಂದಕ್ಕ ಹೋಗೂದು ತ್ರಾಸ ಆಗತೈತೇನ್ರಿ?"

ಬಾಗಿಲು ಹಾಕಿದೆಯೋ ಎಂದು ನೋಡಿದರು. ಆಮೇಲೆ ಚೀಲದ ಬಾಯಿ ಬಿಚ್ಚಿ ನನ್ನ ಕಡೆ ತಿರುಗಿಸಿದರು. ಒಂದು ಪರಕಾರ (ಒಳಲಂಗ), ಹಳೆಯ ಮೆತ್ತನೆ ಸೀರೆಯನ್ನು ಹರಿದು ನಾಲ್ಕು ಮಡಿಕೆ ಮಾಡಿದ ಅರಿವೆಗಳು, ತೊಯ್ದದ್ದನ್ನು ಇಡಲು ಪ್ಲಾಸ್ಟಿಕ್ ಚೀಲ.

"ಕೆಮ್ಮಿದ್ರ ಆಗತೈತಿ, ನಕ್ಕರ ಆಗತೈತಿ, ಪಾವಟಿಗಿ ಏರಿದ್ರಂತೂ ಹೇಳೂಹಂಗಿಲ್ಲ. ಆ ಡೋಲಿಯೊಳಗ ಕುಂದ್ರಸಾಕ ನಿಂತಿದ್ಲರಿ. ಹೊತ್ತವರ ಮುಂದ ಕುರ್ಚಿ ತೋಯ್ದಿದ್ರ?"

ಮಗಳಿಗೆ ಯಾಕೆ ಹೇಳಲಿಲ್ಲ?

"ಆಕಿನ್ನ ಹಡದಾಗಿಂದ ಸುರು ಆಗೇತ್ರಿ. ಅದನ್ನ ಆಕಿ ಮುಂದ ಹೆಂಗ ಹೇಳಲಿ?"

ಹಾಗಾದರೆ ಹೋದದ್ದಾದರೂ ಯಾಕೆ? ಬರಲ್ಲ ಎನ್ನಬಹುದಿತ್ತಲ್ಲ? ಇದಕ್ಕೆ ಬಂದ ಉತ್ತರ ನಾನು ನೆನೆಸಿರಲಿಲ್ಲ. ಅವರ ಅಪ್ಪ ಮುಂಬೈ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಕೆಲಸ ಕಳಕೊಂಡು ಊರಿಗೆ ತಿರುಗಿದವರಿಗೆ ಲೆಕ್ಕವಿಲ್ಲ. ಅವರಲ್ಲಿ ಇವರ ಅಪ್ಪನೂ ಒಬ್ಬ. ಸಾಯುವತನಕ ಆತ ಹೇಳುತ್ತಿದ್ದದ್ದು ಒಂದೇ ಹೆಸರು, ಗಿರಣಿಗಳಿದ್ದ ಪರಳ (ಪರೇಲ್). ಪರಳದ ಚಾಳು (ಕಾರ್ಮಿಕರ ಸಾಲುಮನೆ), ಪರಳದ ಭೋಂಗಾ (ಗಿರಣಿಯ ಸೈರನ್). ದಾದರ್‌ನಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲ್‌ನಲ್ಲಿ "ಪುಢೀಲ ಸ್ಟೇಶನ್, ಪರಳ" ಎಂದು ಮರಾಠಿಯಲ್ಲಿ ಮುಂದಿನ ನಿಲ್ದಾಣದ ಹೆಸರು ಕೂಗಿದಾಗ ಇವರು ಎದ್ದು ನಿಂತಿದ್ದರು. ಮಗಳು ಸೆರಗು ಹಿಡಿದು ಕೂಡ್ರಿಸಿದಳು. "ನಮ್ದು ಲಾಸ್ಟ್ ಸ್ಟೇಶನ್, ಕೂಡ." ಪಟ್ಟಿಯಲ್ಲಿ ಪರಳ ಇರಲಿಲ್ಲ. ಅದೇನು ನೋಡುವ ಜಾಗವೇ ಎಂದು ಇವರೂ ಬಾಯಿ ಬಿಡಲಿಲ್ಲ.

ಸಲಹೆಯ ಮಾತಿಗೆ ಬರುತ್ತೇನೆ. ನಾನು ವೈದ್ಯೆ ಅಲ್ಲ. ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ. ಸೋಂಕು ಇದೆಯೋ, ಸಕ್ಕರೆ ಇದೆಯೋ, ಗರ್ಭಕೋಶ ಜಾರಿದೆಯೋ ನೋಡಲೇಬೇಕು. ಮೂರೂ ಇರಲಿಲ್ಲ. ಹೆರಿಗೆಯಲ್ಲಿ ಸಡಿಲಾಗಿ, ಮುಟ್ಟು ನಿಂತ ಮೇಲೆ ಇನ್ನಷ್ಟು ಸೋತ ಕಿಬ್ಬೊಟ್ಟೆಯ ತಳದ ಸ್ನಾಯುಗಳು, ಅಷ್ಟೇ. ಬಹಳ ಹೆಂಗಸರಿಗೆ ಇದು ಇರುತ್ತದೆ, ಹೇಳುವವರು ಕಡಿಮೆ. ತಜ್ಞರು ಹೇಳಿಕೊಟ್ಟ ವ್ಯಾಯಾಮ ಸರಳ. ಮೂತ್ರವನ್ನು ತಡೆಯುವಾಗ ಹೇಗೆ ಬಿಗಿ ಹಿಡಿಯುತ್ತೇವೋ ಹಾಗೆ ಬಿಗಿಹಿಡಿದು ಐದು ಎಣಿಸುವುದು, ಸಡಿಲು ಬಿಟ್ಟು ಐದು ಎಣಿಸುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಉಸಿರು ಕಟ್ಟದೆ. ಮೂತ್ರ ಹೊಯ್ಯುವಾಗ ನಡುವೆ ತಡೆದು ಇದನ್ನು ರೂಢಿ ಮಾಡಬಾರದು. ಫಲ ಕಾಣಲು ಮೂರು ತಿಂಗಳಾದರೂ ಬೇಕು. ರೊಟ್ಟಿ ಬಡಿಯುತ್ತ ಎಣಿಸಿದೆ ಎಂದು ಆಮೇಲೆ ಹೇಳಿದರು, ಯಾರಿಗೂ ಗೊತ್ತಾಗುವುದಿಲ್ಲವಲ್ಲ.

ನಾನು ಹಟ ಹಿಡಿದದ್ದು ನೀರಿನ ವಿಷಯಕ್ಕೆ. ಸೋರುತ್ತದೆಂದು ನೀರು ಬಿಟ್ಟರೆ ಮೂತ್ರ ದಟ್ಟವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಹೆಚ್ಚುತ್ತದೆ, ಮಲಬದ್ಧತೆಯಾಗಿ ಕೆಳಗಿನ ಒತ್ತಡವೂ ಏರುತ್ತದೆ. ನೀರು ಕುಡಿಯಿರಿ, ಚಹಾ ಕಡಿಮೆ ಮಾಡಿ ಎಂದೆ. ಅರಿವೆಯ ಬದಲು ಮೂತ್ರಕ್ಕೆಂದೇ ಇರುವ ಪ್ಯಾಡ್ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಮುಟ್ಟಿನ ಪ್ಯಾಡ್‌ಗಿಂತ ಚೆನ್ನಾಗಿ ಹೀರುತ್ತದೆ. ಅದನ್ನು ಮಗಳೇ ತಂದುಕೊಡಲಿ ಎಂದಾಗ ಅವರು ಮುಖ ಮುಚ್ಚಿಕೊಂಡರು, ಆದರೆ ಬೇಡ ಎನ್ನಲಿಲ್ಲ.

ಮಗಳಿಗೆ ವಿಷಯ ತಿಳಿಸಿದ್ದು ತಾಯಿಯೇ, ನನ್ನ ಮುಂದೆ, ಚೀಲ ತೆರೆದಿಟ್ಟು. ಅವಳು "ಯಾಕ ಹೇಳ್ಲಿಲ್ಲ?" ಎಂದು ಬಾಯಿ ತೆರೆದಳು. ತಡೆದೆ. ಆ ಪ್ರಶ್ನೆ ಕೇಳಿದರೆ ತಪ್ಪು ಮತ್ತೆ ಅವ್ವನ ತಲೆಗೇ ಬರುತ್ತದೆ. ಅವಳಿಗೆ ಹೇಳಿದ್ದು ಇಷ್ಟು: ಹೊರಗೆ ಹೋದಾಗ ಎರಡು ತಾಸಿಗೊಮ್ಮೆ "ನನಗ ಹೋಗಬೇಕಾಗೇತಿ, ನಡಿ" ಎಂದು ನೀನೇ ಎದ್ದುಬಿಡು, ಅವರು ಕೇಳುವತನಕ ಕಾಯಬೇಡ. ದಿನಕ್ಕೆ ಎರಡು ಜಾಗ ಸಾಕು. ಅಣ್ಣ, ಅತ್ತಿಗೆಗೆ ಹೇಳಬೇಕೋ ಬೇಡವೋ ಅದು ಅವ್ವನ ಮಾತು. ಹೊಡೆದ ಕೈಗೆ ಕ್ಷಮೆ ಕೇಳಿಸುವುದಕ್ಕೂ ಹೋಗಬೇಡ ಎಂದೆ. ಇದನ್ನು ಮಾತ್ರ ಅವಳು ಒಪ್ಪಲಿಲ್ಲ. ಎಲ್ಲರೆದುರು ಹೊಡೆದದ್ದು ಹೊಡೆದದ್ದೇ, ಕಾರಣ ಏನೇ ಇರಲಿ ಎಂದಳು. ಅವಳ ಮಾತಿನಲ್ಲಿ ಸುಳ್ಳೇನಿದೆ? ನಾನು ವಾದ ಬೆಳೆಸಲಿಲ್ಲ.

ಮಳೆ ಹಿಡಿದ ಮೇಲೆ ಇಬ್ಬರೂ ಬಂದರು. ಸೋರುವುದು ಪೂರಾ ನಿಂತಿಲ್ಲ. ಕೆಮ್ಮಿಗೆ ಕಡಿಮೆ, ಮೆಟ್ಟಿಲಿಗೆ ಇನ್ನೂ ಇದೆ. ಬಾದಾಮಿಗೆ ಒಂದು ದಿನ ಹೋಗಿ ಬಂದಿದ್ದರು. ಮೊದಲ ಗುಹೆ ಹತ್ತಿ ಹದಿನೆಂಟು ಕೈಯ ನಟರಾಜನನ್ನು ನೋಡಿ, ಸಾಕೆಂದು ಇಳಿದು ಅಗಸ್ತ್ಯ ತೀರ್ಥದ ದಂಡೆಗೆ ಕೂತು ಬುತ್ತಿ ಉಂಡರಂತೆ. ತಾಯಿ ಲೋಟದ ನೀರು ಕುಡಿದು ಇನ್ನರ್ಧ ಕೇಳಿದರು.

ದೀಪಾವಳಿ ಆದ ಮೇಲೆ ಮತ್ತೆ ಮುಂಬೈ. ಪರಳದಲ್ಲಿ ಈಗ ಗಿರಣಿ ಎಲ್ಲಿ ಉಳಿದಿವೆ, ಶಾಪಿಂಗ್ ಮಾಲ್, ಮುಗಿಲೆತ್ತರದ ಕಟ್ಟಡ, ಅಲ್ಲೊಂದು ಇಲ್ಲೊಂದು ಚಿಮಣಿ ಎಂದು ಮಗಳು ಮೊದಲೇ ಹೇಳಿದ್ದಾಳೆ. ಈ ಸಲದ ಪಟ್ಟಿ ತಾಯಿಯದು. ನಾಲ್ಕನೇ ಇಯತ್ತೆ ಓದಿದ ಕೈ, ಕ್ಯಾಲೆಂಡರ್ ಹಾಳೆಯ ಹಿಂದೆ ದಪ್ಪ ಅಕ್ಷರ:

ಪರಳ. ಅಲ್ಲೆ ಒಂದ ಕಪ್ ಚಾ. ಮನಿ.

ಚಹಾ ಕಡಿಮೆ ಮಾಡಿ ಎಂದದ್ದು ಮರೆತಿದ್ದರೋ, ಬೇಕೆಂದೇ ಬರೆದಿದ್ದರೋ. ನಾನು ಹಾಳೆ ಮಡಿಚಿ ತಿರುಗಿ ಕೊಟ್ಟೆ.