ಶಿರಸಿಯಷ್ಟೇ ಎತ್ತರದಲ್ಲಿ ಸ್ಕೀಯಿಂಗ್

ಕುಮಟಾದಿಂದ ಬಾಸ್ಟನ್‌ಗೆ ಓದಲು ಹೊರಟಿದ್ದೀರಿ, ಸಂತೋಷ. ಅಮೆರಿಕದ ಪೂರ್ವದ ಅಪಲಾಚಿಯನ್ ಬೆಟ್ಟಗಳು ನಮ್ಮ ಘಟ್ಟದಷ್ಟೂ ಎತ್ತರ ಇಲ್ಲವಂತೆ, ಅಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಎಂಥದ್ದು ಅಂತ ಕೇಳಿದ್ದೀರಿ. ನಾನು ಶಿರಸಿಯವನು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನೆಲೆಸಿ ಬಹಳ ಕಾಲವಾಯಿತು. ಗೊತ್ತಿದ್ದಷ್ಟು ಹೇಳುತ್ತೇನೆ.

ಎತ್ತರದ ಮಾತು ನಿಜ. ಅಲಬಾಮಾದಿಂದ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತನಕ ಹಬ್ಬಿದ ಈ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ ಮೌಂಟ್ ಮಿಚೆಲ್ 2037 ಮೀಟರ್. ಸಹ್ಯಾದ್ರಿಯ ಆನೆಮುಡಿ 2695. ಇಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್ 1917 ಮೀಟರ್, ಮುಳ್ಳಯ್ಯನಗಿರಿಗಿಂತ ಚೂರು ಗಿಡ್ಡ. ಆದರೆ ಕಾರವಾರ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿದೆ, ಇದು 44ರಲ್ಲಿ. ಕೆನಡಾದ ಚಳಿಗಾಳಿ, ಅಟ್ಲಾಂಟಿಕ್‌ನ ತೇವ ಎರಡೂ ಇಲ್ಲಿ ಬಂದು ಸೇರುತ್ತವೆ. 1934ರ ಏಪ್ರಿಲ್‌ನಲ್ಲಿ ಈ ಬೆಟ್ಟದ ನೆತ್ತಿಯಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾಗಿದೆ! ಹಾಗಾಗಿ ಮೀಟರ್ ನೋಡಿ ಹಗುರ ಮಾಡಬೇಡಿ.

ನಿಜವಾದ ಕಿರಿಕಿರಿ ಬೇರೆಯೇ ಇದೆ. ಜನವರಿ ನಡುವೆಯೇ ಸುಮ್ನೆ ಒಂದು ದಿನ ಮಳೆ ಹೊಡೆಯುತ್ತದೆ. ರಾತ್ರಿ ಮತ್ತೆ ಸೊನ್ನೆಗಿಂತ ಕೆಳಗೆ. ಬೆಳಿಗ್ಗೆ ಇಳಿಜಾರೆಲ್ಲ ಗಟ್ಟಿ ಮಂಜುಗಡ್ಡೆ, ಮಳೆಗಾಲದಲ್ಲಿ ಪಾಚಿಗಟ್ಟಿದ ಸಂಕದ ಮೇಲೆ ಕಾಲಿಟ್ಟ ಹಾಗೆ. ಅದಕ್ಕೇ ಇಲ್ಲಿನ ಸ್ಕೀ ಕೇಂದ್ರಗಳು ಚಳಿ ಬಿದ್ದ ರಾತ್ರಿಗಳಲ್ಲಿ ನೀರು, ಗಾಳಿ ಒಟ್ಟಿಗೆ ಸಿಡಿಸಿ ಯಂತ್ರದಿಂದ ಹಿಮ ಮಾಡುತ್ತವೆ. ಆ ಹಿಮ ಇಲ್ಲದಿದ್ದರೆ ಎಷ್ಟೋ ಕಡೆ ಸೀಸನ್ನೇ ನಡೆಯುವುದಿಲ್ಲ.

ಕಲಿಯಲು ವಾಚುಸೆಟ್ ಅನ್ನುವ ಸಣ್ಣ ಬೆಟ್ಟದ ಸ್ಕೀ ಕೇಂದ್ರ ಸಾಕು. ಬಾಸ್ಟನ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಅದರ ತುದಿಯೇ 611 ಮೀಟರ್. ನಮ್ಮ ಶಿರಸಿ ಪೇಟೆ ಸುಮಾರು 590ರಲ್ಲಿದೆ, ಅಲ್ವಾ? ಸಂಜೆ ದೀಪದ ಬೆಳಕಿನಲ್ಲೂ ಜಾರಬಹುದು, ಕ್ಲಾಸ್ ಮುಗಿಸಿ ಹೋಗುವವರಿಗೆ ಅನುಕೂಲ. ಸ್ಕೀ, ಬೂಟು ಬಾಡಿಗೆಗೆ ಸಿಗುತ್ತವೆ, ಮೊದಲ ವರ್ಷ ಕೊಳ್ಳಬೇಡಿ. ಬೂಟು ಮಾತ್ರ ಬಿಗಿ ಇರಲಿ. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಕಾಲು ಮರಗಟ್ಟುತ್ತದೆ. ಒಂದು ಪಾಠಕ್ಕೆ ದುಡ್ಡು ಕೊಡಿ, ಗೆಳೆಯರು ಕಲಿಸುತ್ತೇವೆ ಅಂದರೆ ನಂಬಬೇಡಿ.

ಜಾರುವ ದಾರಿಗಳಿಗೆ ಗುರುತು ಇರುತ್ತದೆ: ಸುಲಭಕ್ಕೆ ಹಸಿರು ವೃತ್ತ, ನಡುವಿನದಕ್ಕೆ ನೀಲಿ ಚೌಕ, ಕಷ್ಟದ್ದಕ್ಕೆ ಕಪ್ಪು ವಜ್ರ. ಅದು ಆಯಾ ಬೆಟ್ಟದ ಲೆಕ್ಕ. ವಾಚುಸೆಟ್‌ನ ನೀಲಿಯಲ್ಲಿ ಇಳಿದವರು ವರ್ಮಾಂಟ್ ರಾಜ್ಯದ ದೊಡ್ಡ ಸ್ಕೀ ಕೇಂದ್ರ ಸ್ಟೋವ್‌ನಲ್ಲೂ ನೀಲಿಯೇ ಹಿಡಿದರೆ ಬೆವರುತ್ತಾರೆ. ಹೊಸ ಬೆಟ್ಟದಲ್ಲಿ ಯಾವಾಗಲೂ ಹಸಿರಿನಿಂದ ಶುರು ಮಾಡಿ.

ಏಪ್ರಿಲ್ ಬಂದರೆ ಮೌಂಟ್ ವಾಷಿಂಗ್ಟನ್‌ನ ಟಕರ್‌ಮನ್ ಕಣಿವೆಗೆ ಹೋಗೋಣ ಅಂತ ಯಾರಾದರೂ ಕರೆದೇ ಕರೆಯುತ್ತಾರೆ. ಅಲ್ಲಿ ಲಿಫ್ಟ್ ಇಲ್ಲ, ಸ್ಕೀ ಹೊತ್ತು ಹತ್ತಬೇಕು, ಹಿಮ ಕುಸಿಯುವ ಭಯವೂ ಇದೆ. ಮೊದಲ ವರ್ಷ ಬೇಡ.