ಬೆಂಗಳೂರಲ್ಲಿ ಒಬ್ರಿಗೆ 35 ಸಾವಿರ ಸಾಕಾ?

ದಾವಣಗೆರೆಯಿಂದ ಬಂದು ವೈಟ್‌ಫೀಲ್ಡಲ್ಲಿ ತಿಂಗಳಿಗೆ 35 ಸಾವಿರ ಸಂಬಳಕ್ಕೆ ಒಬ್ರೇ ಇರೋಕಾಗುತ್ತಾ ಅಂತ ಕೇಳಿದೀರ. ಆಗುತ್ತೆ, ಆದ್ರೆ ಅದು ಕೈಗೆ ಬರೋದಾ ಇಲ್ಲಾ ಸಿಟಿಸಿನಾ (ಕಟ್ ಆಗೋದೆಲ್ಲಾ ಸೇರಿ ಕಂಪನಿ ತೋರಿಸೋ ಒಟ್ಟು ಮೊತ್ತ) ಅಂತ ಮೊದ್ಲು ಕೇಳ್ಕೊಳ್ಳಿ, ಪಿಎಫ್ ಕಟ್ ಆಗುತ್ತೆ, ಪ್ರೊಫೆಷನಲ್ ಟ್ಯಾಕ್ಸ್ ತಿಂಗಳಿಗೆ 200 ಬೇರೆ. ಶುರುಲಿ ಶೇರಿಂಗ್ ಪಿಜಿನೇ ಹಿಡೀರಿ, ಊಟ ಸೇರಿ ಹತ್ತು ಸಾವಿರದ ಆಸುಪಾಸಲ್ಲಿ ಸಿಗುತ್ತೆ. ಒನ್ ಬಿಎಚ್‌ಕೆ ಅಂದ್ರೆ ಆ ಕಡೆ ಬಾಡಿಗೆನೇ 20 ಸಾವಿರ ದಾಟುತ್ತೆ, ಮೇಲೆ ಐದಾರು ತಿಂಗಳ ಅಡ್ವಾನ್ಸ್ ಒಟ್ಟಿಗೆ ಕೇಳ್ತಾರೆ, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೋತಾರೆ, ನಿಜವಾದ ಹೊಡೆತ ಅದೇ. ಪಿಜಿ ಆಫೀಸಿಗೆ ನಡ್ಕೊಂಡು ಹೋಗೋ ದೂರದಲ್ಲಿರ್ಲಿ, 2025ರಲ್ಲಿ ಮೆಟ್ರೋ ದರ ಏರಿಸಿದ್ಮೇಲೆ ಒಂದ್ ಕಡೆಗೇ 90 ರೂಪಾಯಿವರೆಗೂ ಹೋಗುತ್ತೆ. ಮನೆಗೂ ದುಡ್ಡು ಕಳಿಸ್ಬೇಕು ಅಂದ್ರೆ ಮಾತ್ರ ಕಂಪನಿಯವ್ರ ಹತ್ರ 45 ಸಾವಿರ ಕೇಳಿ, ದಯವಿಟ್ಟು ಸಂಕೋಚ ಮಾಡ್ಕೋಬೇಡಿ.