ಮಾಸಿ ಬೀದಿಯಲ್ಲಿ ಚಿತ್ತಿರೈ ತೇರು

ಓದುಗರ ಪತ್ರ: "ಬೇಸಿಗೆ ರಜೆಗೆ ನೀವು ಕೊಟ್ಟ ಊರುಗಳ ಪಟ್ಟಿ ನೋಡಿ ನಾವು ಆರು ಜನ ಮಧುರೆಗೆ ಹೋದೆವು. ಬೆಳಗ್ಗೆ ರೈಲು ಇಳಿದರೆ ಅವತ್ತೇ ತೇರು. ಆಟೊ ಒಳಗೆ ಬಿಡಲಿಲ್ಲ. ಮಾಸಿ ಬೀದಿಯಲ್ಲಿ ಹಗ್ಗ ಎಳೆಯುವವರ ನಡುವೆ ಸಿಕ್ಕಿಕೊಂಡೆವು. ಆಮೇಲೆ ಗುಡಿಯ ಸಾಲಿನಲ್ಲಿ ಮೂರು ತಾಸು ನಿಂತು, ಅತ್ತೆಗೆ ತಲೆ ಸುತ್ತು ಬಂದು ವಾಪಸ್ ಬಂದೆವು. ಸಾವಿರ ಕಂಬದ ಮಂಟಪ ಇಲ್ಲ, ಅರಮನೆ ಇಲ್ಲ, ಏನೂ ನೋಡಲಿಲ್ಲ. ಅತ್ತೆ ಈಗ ಆರಾಮಾಗಿದ್ದಾರೆ. 'ತೇರಿನ ಮೇಲೆ ಅಮ್ಮನ ಮುಖ ಕಂಡಿತಲ್ಲ, ಸಾಕು' ಅಂತಾರೆ. ನನಗೆ ಮಾತ್ರ ಬೇಜಾರು. ಹಬ್ಬದಲ್ಲಿ ಇಂಥ ಊರಿಗೆ ಹೋಗಲೇಬಾರದಾ? ಹಾಗಿದ್ದರೆ ಮೊದಲೇ ಯಾಕೆ ಬರೆಯಲಿಲ್ಲ?" (ದಾವಣಗೆರೆಯ ಓದುಗರೊಬ್ಬರು)

ಸಂಪಾದಕರ ಉತ್ತರ:

ನಮಸ್ಕಾರ. ತಪ್ಪು ನಮ್ಮದು. ಏಪ್ರಿಲ್, ಮೇ ತಿಂಗಳಲ್ಲಿ ಮಧುರೆಗೆ ಹೋಗಿ ಎಂದು ಬರೆದಾಗ, ಚಿತ್ತಿರೈ ಹಬ್ಬವೂ, ಅಂದರೆ ಮೀನಾಕ್ಷಿಯ ಮದುವೆಯ ಉತ್ಸವವೂ, ಆಗಲೇ ಬರುತ್ತದೆ ಎಂಬ ಒಂದು ಸಾಲು ಹಾಕಲೇಬೇಕಿತ್ತು. ನಮ್ಮ ಮಕ್ಕಳ ರಜೆಯೂ ಆ ಊರಿನ ಅತಿ ದೊಡ್ಡ ಹಬ್ಬವೂ ಒಂದೇ ಕಾಲಕ್ಕೆ. ನಿಮ್ಮ ಅತ್ತೆಯವರು ಆ ಬಿಸಿಲಲ್ಲಿ ಪಟ್ಟ ಕಷ್ಟಕ್ಕೆ ಕ್ಷಮೆ ಕೇಳುತ್ತೇನೆ.

ಆದರೆ "ಏನೂ ನೋಡಲಿಲ್ಲ" ಎಂದಿದ್ದೀರಲ್ಲ, ಅದನ್ನು ಒಪ್ಪಲು ನನಗೆ ಮನಸ್ಸಾಗುತ್ತಿಲ್ಲ. ನೀವು ಸಿಕ್ಕಿಕೊಂಡ ಆ ಬೀದಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ, ಕೇಳಿ.

ಹಳೆಯ ಮಧುರೆಯ ನಡುವೆ ಮೀನಾಕ್ಷಿ ಗುಡಿ. ಸುತ್ತ ಚೌಕ ಚೌಕವಾಗಿ ಬೀದಿಗಳು, ಒಂದರ ಹೊರಗೆ ಇನ್ನೊಂದು. ಗುಡಿಯ ಗೋಡೆಯೊಳಗೆ ಆಡಿ ಬೀದಿ. ಹೊರಗೆ ಬಂದರೆ ಚಿತ್ತಿರೈ ಬೀದಿ, ಅದರಾಚೆ ಆವಣಿ ಮೂಲ ಬೀದಿ, ಅದರಾಚೆ ಮಾಸಿ ಬೀದಿ. ಇವೆಲ್ಲ ತಮಿಳು ತಿಂಗಳುಗಳ ಹೆಸರು. ಯಾವ ತಿಂಗಳ ಉತ್ಸವಕ್ಕೆ ದೇವರು ಯಾವ ಬೀದಿ ಸುತ್ತುತ್ತಿದ್ದರೋ, ಆ ಬೀದಿಗೆ ಆ ತಿಂಗಳ ಹೆಸರು. ಹಾಗಾದರೆ ಚಿತ್ತಿರೈ ತೇರು ಮಾಸಿ ಬೀದಿಯಲ್ಲಿ ಯಾಕೆ ಹೋಗುತ್ತದೆ? ಮೀನಾಕ್ಷಿಯ ಮದುವೆ ಮೊದಲು ಮಾಸಿ ತಿಂಗಳಲ್ಲಿ, ಅಂದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ನಡೆಯುತ್ತಿತ್ತಂತೆ. 17ನೇ ಶತಮಾನದಲ್ಲಿ ಮಧುರೆಯ ದೊರೆ ತಿರುಮಲ ನಾಯಕ ಅದನ್ನು ಚಿತ್ತಿರೈಗೆ ತಂದು ಅಳಗರ್ ಎಂಬ ದೇವರ ಉತ್ಸವದ ಜೊತೆ ಸೇರಿಸಿದ ಎಂದು ಅಲ್ಲಿನವರು ಹೇಳುತ್ತಾರೆ. ತಿಂಗಳು ಬದಲಾಯಿತು, ತೇರು ಮಾತ್ರ ತನ್ನ ಬೀದಿ ಬಿಡಲಿಲ್ಲ. ಊರನ್ನೇ ಹಬ್ಬಕ್ಕೆ ಅಂತ ಕಟ್ಟಿದ್ದಾರೆ. ಅದು ಗೊತ್ತಾಗುವುದು ನೀವು ನಿಂತಿದ್ದ ಜಾಗದಲ್ಲಿ, ನೀವು ಹೋದ ದಿನವೇ.

ನಮ್ಮ ಕಡೆಯವರ ಪಾಲೂ ಇದರಲ್ಲಿದೆ. ವಿಜಯನಗರದ ಬುಕ್ಕರಾಯನ ಮಗ ಕುಮಾರ ಕಂಪಣ 14ನೇ ಶತಮಾನದಲ್ಲಿ ಮಧುರೆ ಗೆದ್ದ. ಮುಂದೆ ಅಲ್ಲಿ ಆಳಿದ ನಾಯಕರು ಮೊದಲು ಬಂದದ್ದೂ ವಿಜಯನಗರದ ಕೈಕೆಳಗಿನವರಾಗಿಯೇ.

ಮದುವೆಯ ಮರುದಿನ ತೇರು. ಅದು ಮುಗಿಸಿ ನೀವು ರೈಲು ಹತ್ತಿದಿರಿ. ಆದರೆ ಕಥೆಯ ಇನ್ನರ್ಧ ಆಮೇಲೆ ಬರುತ್ತದೆ. ಮೀನಾಕ್ಷಿಗೆ ಅಣ್ಣನೊಬ್ಬನಿದ್ದಾನೆ, ಅಳಗರ್. ಅವನು ವಿಷ್ಣು. ಊರಿಂದ ಸುಮಾರು 20 ಕಿ.ಮೀ. ದೂರದ ಬೆಟ್ಟದ ಗುಡಿಯಿಂದ ತಂಗಿಯ ಮದುವೆಗೆ ಹೊರಡುತ್ತಾನೆ. ದಾರಿಯುದ್ದಕ್ಕೂ ನೂರಾರು ಮಂಟಪ. ಎಲ್ಲ ಕಡೆ ಕರೆಯುತ್ತಾರೆ, ಎಲ್ಲ ಕಡೆ ನಿಲ್ಲುತ್ತಾನೆ. ವೈಗೈ ಹೊಳೆ ಮುಟ್ಟುವಷ್ಟರಲ್ಲಿ ಮದುವೆ ಮುಗಿದೇ ಹೋಗಿರುತ್ತದೆ. ಬೇಸರವಾಗಿ, ಊರೊಳಗೆ ಕಾಲಿಡದೆ ಹೊಳೆಯಿಂದಲೇ ವಂಡಿಯೂರಿನ ಕಡೆ ತಿರುಗುತ್ತಾನೆ. ಚಿತ್ರಾ ಪೌರ್ಣಮಿಯ ಬೆಳಗ್ಗೆ ಬಂಗಾರದ ಕುದುರೆ ಮೇಲೆ ಅವನು ಹೊಳೆಗಿಳಿಯುವಾಗ, ಯಾವ ಬಣ್ಣದ ರೇಷ್ಮೆ ಉಟ್ಟಿದ್ದಾನೆ ಎಂದು ಎಲ್ಲರ ಕಣ್ಣೂ ಅಲ್ಲೇ. ಹಸಿರಾದರೆ ಆ ವರ್ಷ ಬೆಳೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ. ನಾನು ಅಲ್ಲಿಗೆ ಹೋಗಿದ್ದಾಗ ಪಕ್ಕದಲ್ಲಿ ಒಬ್ಬ ಹಳ್ಳಿಯ ಅಜ್ಜ ನಿಂತಿದ್ದರು. ಹೆಗಲಿಗೆ ತೊಗಲಿನ ಚೀಲ, ಅದರ ತುಂಬ ನೀರು. ಬಿಸಿಲಲ್ಲಿ ಬಂದ ದೇವರಿಗೆ ತಂಪಾಗಲಿ ಅಂತ ಚಿಮ್ಮಿಸುತ್ತಿದ್ದರು. ತಿರುಗಿ ನನ್ನ ತಲೆಗೂ ಒಂದಿಷ್ಟು ಚಿಮ್ಮಿಸಿದರು. ನನಗೆ ತಮಿಳು ಅಷ್ಟಾಗಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಅವತ್ತು ಅದರಿಂದ ಏನೂ ತೊಂದರೆ ಆಗಲಿಲ್ಲ.

ಆದರೂ ವಯಸ್ಸಾದವರು, ಮಕ್ಕಳ ಜೊತೆ ಹೊಳೆಗೆ ಮಾತ್ರ ಇಳಿಯಬೇಡಿ. 2022ರಲ್ಲಿ ಅಲ್ಲಿನ ನೂಕುನುಗ್ಗಲಿನಲ್ಲಿ ಇಬ್ಬರು ಸತ್ತರು. ಅಳಗರ್ ಬರುವ ದಾರಿಯಲ್ಲಿ ಯಾವುದಾದರೂ ಸಣ್ಣ ಮಂಟಪದ ಹತ್ತಿರ ಕಾಯಿರಿ, ಅವನು ಅಲ್ಲೇ ಬಂದು ನಿಲ್ಲುತ್ತಾನೆ. ಮೀನಾಕ್ಷಿಯನ್ನು ನೋಡಲೂ ಹಬ್ಬದಲ್ಲಿ ಗುಡಿಯ ಸಾಲು ಬೇಕಿಲ್ಲ. ಸುಮ್ನೆ ಸಂಜೆ ಮಾಸಿ ಬೀದಿಯ ಅಂಗಡಿ ಕಟ್ಟೆ ಮೇಲೆ ಕೂತರೆ ಸಾಕು, ವಾಹನದ ಮೇಲೆ ಅವಳೇ ಬರುತ್ತಾಳೆ. ತೇರಿನ ದಿನಕ್ಕಿಂತ ಮೂರ್ನಾಲ್ಕು ದಿನ ಮೊದಲೇ ಹೋದರೆ ಜನವೂ ಸ್ವಲ್ಪ ಕಡಿಮೆ. ತಾರೀಕು ಪ್ರತಿ ವರ್ಷ ಬದಲಾಗುತ್ತದೆ, ನೋಡಿಕೊಳ್ಳಿ: 2024ರಲ್ಲಿ ಮದುವೆ ಏಪ್ರಿಲ್ 21ಕ್ಕಿತ್ತು, 2025ರಲ್ಲಿ ಮೇ 8ಕ್ಕೆ.

ಕಂಬ, ಗೋಪುರ, 1636ರ ತಿರುಮಲ ನಾಯಕನ ಅರಮನೆ ಇವನ್ನೆಲ್ಲ ನಿಧಾನವಾಗಿ ನೋಡಬೇಕೆಂದರೆ ಡಿಸೆಂಬರ್, ಜನವರಿಯಲ್ಲಿ ಇನ್ನೊಮ್ಮೆ ಹೋಗಿ. ಸಾವಿರ ಕಂಬದ ಮಂಟಪದಲ್ಲಿ ಇರುವುದು 985 ಕಂಬ, ಮಕ್ಕಳಿಗೆ ಎಣಿಸಲು ಹೇಳಿ. ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಹೋಗಿ.

ಮುಂದಿನ ವರ್ಷದಿಂದ ನಮ್ಮ ಪಟ್ಟಿಯಲ್ಲಿ ಪ್ರತಿ ಊರಿನ ಹಬ್ಬದ ತಾರೀಕೂ ಇರುತ್ತದೆ. ಇನ್ನೊಂದು ಕೋರಿಕೆ. ನಿಮ್ಮ ಅತ್ತೆಯವರು ಆ ಬೆಳಗ್ಗೆ ಎಲ್ಲಿ ನಿಂತಿದ್ದರು, ಏನೇನು ಕಂಡರು ಎಂದು ಅವರ ಬಾಯಲ್ಲೇ ಕೇಳಿ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.